ರೇಡಿಯೇಟರ್ ಮೇಲಿನ ಕೆಂಪು ಬಟ್ಟೆ

ಮೇಸ್ತ್ರಿ ಸತ್ತು ಹನ್ನೊಂದು ತಿಂಗಳಾಗಿತ್ತು. ಅವನ ಹೆಂಡತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಅಂಗಡಿಗೂ ಕೋಣೆಗೂ ನಡುವೆ ಇರುವುದು ಒಂದೇ ತಗಡು. ಆ ಕಡೆ ಸೀನಿದರೆ ಈ ಕಡೆ ಕೇಳುತ್ತದೆ. ಆ ಕಡೆ, ಈಗ ಅಂಗಡಿ ನಡೆಸುವ ಮೈದುನ ಹೊಸ ಗಿರಾಕಿಯೊಬ್ಬನಿಗೆ ಹೇಳುತ್ತಿದ್ದ.

"ರೇಡಿಯೇಟರ್ ಮುಚ್ಚಳ ಮುಟ್ಬೇಡಿ ಸಾರ್. ಇದೇ ಜಾಗದಲ್ಲಿ ಒಬ್ಬನ ಮುಖ ಬೆಂದುಹೋಯ್ತು. ನಮ್ಮಣ್ಣ ಮಾಡಿದ ಎಡವಟ್ಟು ಅದು. ಇಪ್ಪತ್ತು ವರ್ಷ ಎಲ್ರಿಗೂ ಬುದ್ಧಿ ಹೇಳಿದೋನು, ಒಂದು ದಿನ ತಾನೇ ಮರೆತ."

"ಅಯ್ಯೋ ಪಾಪ. ಈಗೆಲ್ಲಿದಾರೆ ಅವ್ರು?"

"ಹೋದ. ಬಂಗಾರದಂಥ ಮನುಷ್ಯ. ಆದ್ರೆ ಮರೆತ, ನೋಡಿ."

ಅವಳ ಕೈ ಪಾತ್ರೆಯ ಮೇಲೆ ನಿಂತಿತು. ಈ ಕತೆಯನ್ನು ಅವಳು ವಾರಕ್ಕೆ ನಾಲ್ಕು ಸಲ ಕೇಳುತ್ತಾಳೆ. ಮೈದುನ ಅಣ್ಣನ ಮೇಲಿನ ಪ್ರೀತಿಯಿಂದಲೇ ಹೇಳುತ್ತಾನೆ. ಅವನದೇನೂ ತಪ್ಪಿಲ್ಲ. ಅವನಿಗೆ ಗೊತ್ತಿರುವುದೇ ಅಷ್ಟು.

ಮರೆತದ್ದು ಮೇಸ್ತ್ರಿಯಲ್ಲ. ಅವನು ಮುಚ್ಚಳಕ್ಕೆ ಕೆಂಪು ಬಟ್ಟೆ ಕಟ್ಟಿಯೇ ಹೋಗಿದ್ದ. ಬಿಚ್ಚಿದವಳು ಅವಳು. ಅದು ಗೊತ್ತಿದ್ದದ್ದು ಇಬ್ಬರಿಗೇ. ಅವರಲ್ಲಿ ಒಬ್ಬ ಈಗ ಇಲ್ಲ.

ಅವನು ಎಂಜಿನ್ ಬಿಚ್ಚುವ ಮೇಸ್ತ್ರಿಯಾಗಿರಲಿಲ್ಲ. ಬ್ರೇಕು, ಗೇರು ಮುಟ್ಟುತ್ತಿರಲಿಲ್ಲ. ಎಂಜಿನ್ನನ್ನು ತಣ್ಣಗಿಡುವ ಸಾಮಾನಷ್ಟೇ ಅವನ ಕೆಲಸ. ರೇಡಿಯೇಟರ್, ಅದಕ್ಕೆ ಬರುವ ಪೈಪು, ನೀರು ತಿರುಗಿಸುವ ಪಂಪು, ಬೆಲ್ಟು, ಫ್ಯಾನು, ಶಾಖ ಹೀರುತ್ತಾ ಒಳಗೆ ಓಡುವ ಕೂಲಂಟು ದ್ರವ. ಉದ್ದಕ್ಕೆ ಎಂಟು ಹೆಜ್ಜೆ, ಅಡ್ಡಕ್ಕೆ ಐದು ಹೆಜ್ಜೆಯ ಅಂಗಡಿ. ಗಾಡಿಗಳು ಹೊರಗೆ ರಸ್ತೆ ಪಕ್ಕವೇ ನಿಲ್ಲಬೇಕು. ಗೋಡೆಗೆ ಮೊಳೆ ಹೊಡೆದು ಪೈಪುಗಳನ್ನು ಗಾತ್ರದ ಪ್ರಕಾರ ನೇತುಹಾಕಿದ್ದ. ಕಣ್ಣು ಮುಚ್ಚಿ ಕೈಹಾಕಿದರೂ ಬೇಕಾದದ್ದೇ ಸಿಗುತ್ತಿತ್ತು. ಮನೆಯಲ್ಲಿ ಮಾತ್ರ ತನ್ನ ಕಾಲುಚೀಲ ಎಲ್ಲಿದೆ ಎಂದು ದಿನಾ ಕೇಳುತ್ತಿದ್ದ.

ಹೊಗೆ ಬಿಡುತ್ತಾ ಗಾಡಿ ಬಂದು ನಿಂತರೆ ಒಡೆಯ ಒದ್ದಾಡಿಹೋಗುತ್ತಿದ್ದ. ಮೇಸ್ತ್ರಿ ಒದ್ದಾಡುತ್ತಿರಲಿಲ್ಲ. ಎಂಜಿನ್ ಆಫ್ ಮಾಡಿಸುವನು. ಬಾನೆಟ್ ಎತ್ತುವನು. ಬ್ಯಾಟರಿ ತಂತಿ ಕಳಚುವನು, ಯಾಕೆಂದರೆ ಎಂಜಿನ್ ನಿಂತಿದ್ದರೂ ಫ್ಯಾನು ತನ್ನಷ್ಟಕ್ಕೆ ತಿರುಗಲು ಶುರುಮಾಡಿ ಬೆರಳು ಕತ್ತರಿಸಬಹುದು. ಆಮೇಲೆ ಮುಚ್ಚಳದ ಕುತ್ತಿಗೆಗೆ ಒಂದು ಕೆಂಪು ಬಟ್ಟೆ ಕಟ್ಟುವನು. ಕಟ್ಟಿ ಸ್ಟೂಲಿನ ಮೇಲೆ ಕೂತು ಹೇಳುವನು:

"ಮೊದ್ಲು ಆರ್ಲಿ."

"ಅರ್ಜೆಂಟಿದೆ ಮೇಸ್ತ್ರಿ!"

"ಅರ್ಜೆಂಟು ನಿಮ್ಗೆ. ಅದಕ್ಕಲ್ಲ."

"ಒಂದ್ ಬಕೆಟ್ ತಣ್ಣೀರು ಸುರೀರಿ, ಆರುತ್ತೆ."

"ಕಾದ ಗಾಜಿಗೆ ನೀರು ಸುರಿದು ನೋಡಿದೀರಾ? ಎಂಜಿನ್ ಹೆಡ್ ಬಿರುಕು ಬಿಡುತ್ತೆ. ಆಮೇಲೆ ನೀವು ನನ್ ಹತ್ರ ಬರಲ್ಲ, ಎಂಜಿನ್ ಬಿಚ್ಚೋನ ಹತ್ರ ಹೋಗ್ತೀರಿ. ಕೂತ್ಕೊಳ್ಳಿ."

ಹೀಗೆ ಅವನಿಗೆ ಆರ್ಲಿ ಮೇಸ್ತ್ರಿ ಎಂಬ ಹೆಸರು ಬಿತ್ತು. ಇಟ್ಟವನು ಪಕ್ಕದ ಪಂಕ್ಚರ್ ಅಂಗಡಿಯವನು. ಅವನ ಬಾಯಿಗೆ ಬೀಗ ಇಲ್ಲ. "ಅಕ್ಕ, ಮದುವೆಗೂ ನಮ್ ಮೇಸ್ತ್ರಿ ಆರ್ಲಿ ಅಂತ ಕೂತಿದ್ರೆ ನೀವು ಮುದುಕಿ ಆಗೋವರೆಗೂ ಅಪ್ಪನ ಮನೇಲೇ ಇರ್ಬೇಕಿತ್ತು" ಎಂದು ಅವಳನ್ನು ರೇಗಿಸುತ್ತಿದ್ದ. ಮನೆಯಲ್ಲೂ ಅದೇ ಮಾತು. ಟೀ ಆರ್ಲಿ. ನೀರು ಆರ್ಲಿ. ಅವಳಿಗೆ ಸಿಟ್ಟು ಬಂದರೂ "ಆರ್ಲಿ ಬಿಡು" ಎಂದು ಎದ್ದುಹೋಗುತ್ತಿದ್ದ. ಅವಳ ಸಿಟ್ಟು ಆಗ ಇಮ್ಮಡಿಯಾಗುತ್ತಿತ್ತು.

ಆ ಕೆಂಪು ಬಟ್ಟೆ ಬೀದಿಗೆಲ್ಲ ಗೊತ್ತಿತ್ತು. ಬಟ್ಟೆ ಇದ್ದರೆ ಒಳಗೆ ಬಿಸಿ, ಮುಚ್ಚಳ ಮುಟ್ಟಬಾರದು. ಬಟ್ಟೆ ಇಲ್ಲದಿದ್ದರೆ ಆರಿದೆ. ಕಟ್ಟುವವನೂ ಬಿಚ್ಚುವವನೂ ಅವನೊಬ್ಬನೇ. ಬಿಚ್ಚುವ ಮುನ್ನ ಮೇಲಿನ ಪೈಪಿನ ಹತ್ತಿರ ಹಿಂಗೈ ಹಿಡಿದು ಶಾಖ ನೋಡುವನು. ಆಮೇಲೆ ಪೈಪನ್ನು ಹಿಚುಕುವನು. ಗಟ್ಟಿಯಾಗಿದ್ದರೆ ಒಳಗೆ ಒತ್ತಡ ಇದೆ, ಮತ್ತೆ ಸ್ಟೂಲಿನ ಮೇಲೆ. ಮೆತ್ತಗಿದ್ದರೆ ಬಟ್ಟೆ ಬಿಚ್ಚಿ, ಅದನ್ನೇ ನಾಲ್ಕು ಮಡಿಕೆ ಮಾಡಿ ಮುಚ್ಚಳದ ಮೇಲಿಟ್ಟು, ಮುಖ ಆಚೆ ತಿರುಗಿಸಿ, ಕಾಲು ತಿರುವಷ್ಟೇ ತಿರುಗಿಸುವನು. ಬುಸ್ಸೆನ್ನುವ ಸದ್ದು ನಿಂತಮೇಲೆ ಒತ್ತಿ ಪೂರ್ತಿ ತೆಗೆಯುವನು. ಮುಚ್ಚಳ ಮುಚ್ಚಿರುವಷ್ಟು ಹೊತ್ತು ಒಳಗಿನ ನೀರು ಕುದಿಯುವ ಶಾಖ ದಾಟಿಯೂ ಸುಮ್ಮನಿರುತ್ತದೆ, ತೆಗೆದ ತಕ್ಷಣ ಮೇಲೇಳುತ್ತದೆ ಎಂದು ಅವನು ಅವಳಿಗೆ ಮದುವೆಯಾದ ವಾರದಲ್ಲೇ ಹೇಳಿದ್ದ. ಹೊಸ ಹೆಂಡತಿಗೆ ಹೇಳಲು ಅವನಿಗೆ ಬೇರೆ ಮಾತು ಗೊತ್ತಿರಲಿಲ್ಲ.

ಇನ್ನೊಂದು ಗುಣ ಹೇಳಬೇಕು. ಗಾಡಿಯಿಂದ ಇಳಿಸಿದ ಹಳೆಯ ಕೂಲಂಟನ್ನು ಬೇರೆಯವರು ಚರಂಡಿಗೆ ಬಿಡುತ್ತಿದ್ದರು. ಅವನು ಬಿಡುತ್ತಿರಲಿಲ್ಲ. ಅದು ಸಿಹಿಯಾಗಿರುತ್ತದೆ, ನಾಯಿ ನೆಕ್ಕಿ ಸಾಯುತ್ತದೆ. ಒಂದು ಹನಿ ಚೆಲ್ಲಿದರೂ ಮರದ ಹೊಟ್ಟು ಹಾಕಿ ಒರೆಸಿ, ಡಬ್ಬಕ್ಕೆ ತುಂಬಿ ಬಿಗಿಯಾಗಿ ಮುಚ್ಚಿ, ಇಂಥ ಕಸ ಒಯ್ಯಲು ತಿಂಗಳಿಗೊಮ್ಮೆ ಬರುವ ಗಾಡಿಗೆ ಕೊಡುತ್ತಿದ್ದ. ಬೀದಿ ನಾಯಿಯ ಮೇಲೂ ಅಷ್ಟು ನಿಗಾ ಇಟ್ಟ ಮನುಷ್ಯ ಒಬ್ಬ ಡ್ರೈವರನ ಮುಖ ಸುಟ್ಟ ಎಂದು ಬೀದಿ ನಂಬಿತು. ಅವನೇ ಹೇಳಿದ ಮೇಲೆ ನಂಬದೆ ಏನು ಮಾಡುತ್ತಾರೆ?

ಅದು ಆರು ವರ್ಷದ ಹಿಂದಿನ ಮಾತು. ಚಳಿ ಶುರುವಾಗಿತ್ತು. ಅವಳು ಬೆಳಿಗ್ಗೆ ಟ್ರಂಕು ತೆಗೆದು ಅವ್ವನ ಶಾಲು ಹುಡುಕಿದಳು. ದಪ್ಪನೆಯ ಕೆಂಪು ಶಾಲು. ಅವ್ವ ಹೋಗಿ ಎರಡು ವರ್ಷವಾಗಿತ್ತು. ಶಾಲಿಗೆ ಅಲ್ಲಲ್ಲಿ ಹುಳ ತಿಂದಿತ್ತು, ಹೊದೆಯಲು ಬರುತ್ತಿರಲಿಲ್ಲ. ಆದರೂ ಚಳಿ ಬಂದಾಗ ತೆಗೆದು, ಮೂಸಿ, ಮಡಿಸಿ ಇಡುತ್ತಿದ್ದಳು. ಅವ್ವನ ವಾಸನೆ ಇನ್ನೂ ಇದೆ ಎಂದು ಅವಳ ಲೆಕ್ಕ.

ಟ್ರಂಕಿನಲ್ಲಿ ಅರ್ಧ ಶಾಲು ಇತ್ತು. ಇನ್ನರ್ಧ ಕತ್ತರಿಯಲ್ಲಿ ನೆಟ್ಟಗೆ ಕತ್ತರಿಸಿ ಹೋಗಿತ್ತು.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಮುಂದಕ್ಕೆ ಬಂದಳು. ಅಂಗಡಿ ಖಾಲಿ. ರಸ್ತೆ ಪಕ್ಕ ಶಾಲೆ ಮಕ್ಕಳ ವ್ಯಾನು ಬಾನೆಟ್ ತೆರೆದು ನಿಂತಿತ್ತು. ಪಂಕ್ಚರಿನವನು ಟೈರಿನ ಒಳಗೆ ತಲೆ ಹಾಕಿಕೊಂಡೇ ಹೇಳಿದ, "ಮೇಸ್ತ್ರಿ ಪೈಪು ತರಕ್ಕೆ ಹೋದ್ರು ಅಕ್ಕ. ಡ್ರೈವರು ಟೀ ಕುಡಿಯಕ್ಕೆ." ವ್ಯಾನಿನ ರೇಡಿಯೇಟರ್ ಮುಚ್ಚಳಕ್ಕೆ ಅವ್ವನ ಶಾಲು ಕಟ್ಟಿತ್ತು. ಅಂಚಿನಲ್ಲಿ ಅವ್ವನ ಕೈಯ ಹೊಲಿಗೆ. ಅದರ ಮೇಲೆ ಗ್ರೀಸು.

ಹಳೆಯ ಕೆಂಪು ಬಟ್ಟೆ ಹರಿದಿತ್ತು, ಅವನಿಗೆ ಹೊಸದು ಬೇಕಿತ್ತು, ಟ್ರಂಕಿನ ತಳದಲ್ಲಿ ಹುಳ ತಿಂದ ಬಟ್ಟೆ ಸಿಕ್ಕಿತು, ಕತ್ತರಿಸಿದ. ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಇದೆಲ್ಲ ಅವಳಿಗೆ ಆಮೇಲೆ ತಿಳಿಯಿತು. ಆಗ ತಿಳಿಯಲಿಲ್ಲ. ಆಗ ಮೈಯೆಲ್ಲ ಉರಿದುಹೋಯಿತು.

ಆ ಬಟ್ಟೆಯ ಅರ್ಥ ಅವಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವಳಿಗೆ. ಗಂಟು ಬಿಚ್ಚುವಾಗ ಬೆರಳಿಗೆ ಬಿಸಿ ತಾಗಿತು. ಕೈ ಹಿಂದೆಗೆದು, ಊದಿಕೊಂಡು, ಮತ್ತೆ ಬಿಚ್ಚಿದಳು. ಇದನ್ನು ಅವಳು ತನಗೆ ತಾನೇ ಹೇಳಿಕೊಳ್ಳುವುದಕ್ಕೂ ವರ್ಷಗಳು ಹಿಡಿದವು. ಬಿಸಿ ತಾಗಿಯೂ ಬಿಚ್ಚಿದಳು.

ಡಬ್ಬಿಯನ್ನು ಸ್ಟೂಲಿನ ಮೇಲೆ ಕುಕ್ಕಿ, ಬಟ್ಟೆ ಹಿಡಿದು ಒಳಗೆ ಹೋದಳು. ಬಕೆಟ್ಟಿನಲ್ಲಿ ಸೋಪುಪುಡಿ ಕಲಸಿ ಗ್ರೀಸು ತಿಕ್ಕತೊಡಗಿದಳು. ಬರಲಿ ಇವನು, ಇವತ್ತು ಆರ್ಲಿ ಅಂದರೆ ಬಿಡುವುದಿಲ್ಲ ಎಂದು ಬೈಗುಳ ಜೋಡಿಸಿಕೊಳ್ಳುತ್ತಿದ್ದಳು. ಆಗ ತಗಡಿನ ಆ ಕಡೆ ಬುಸ್ಸೆಂದು ದೊಡ್ಡ ಸದ್ದಾಯಿತು. ಹಿಂದೆಯೇ ಒಂದು ಕೂಗು. ಮನುಷ್ಯರು ಹಾಗೆ ಕೂಗುತ್ತಾರೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಬಟ್ಟೆ ಕಟ್ಟುವ ಮೊದಲೇ ಹೋಗಿದ್ದ ಡ್ರೈವರು ಟೀ ಕುಡಿದು ಬಂದಿದ್ದ. ಶಾಲೆ ಬಿಡುವ ಹೊತ್ತಾಗುತ್ತಿತ್ತು. ಬಟ್ಟೆ ಇಲ್ಲ ಎಂದರೆ ಆರಿದೆ. ಎಷ್ಟು ನೀರಿದೆ ನೋಡೋಣ ಎಂದು ಮುಚ್ಚಳ ತಿರುಗಿಸಿದ.

ಮೇಸ್ತ್ರಿ ಪೈಪು ಬಿಸಾಡಿ ರಸ್ತೆಯ ಆಚೆಯಿಂದ ಓಡಿಬಂದ. "ನೀರು! ನೀರು ತನ್ನಿ!" ಎಂದು ಕೂಗುತ್ತಾ ತಾನೇ ಒಳಗೆ ನುಗ್ಗಿದ. ಅವಳ ಮುಂದಿನ ಬಕೆಟ್ ಎತ್ತಿ ಬೋರಲು ಹಾಕಿದ. ಸೋಪುನೀರಿನ ಜೊತೆ ಕೆಂಪು ಬಟ್ಟೆ ನೆಲಕ್ಕೆ ಬಿತ್ತು. ಅವನು ನೋಡಿದ. ಒಂದು ಕ್ಷಣ. ಆಮೇಲೆ ನಲ್ಲಿ ತಿರುಗಿಸಿ, ಬಕೆಟ್ ತೊಳೆದು, ತುಂಬಿ, ಹೊರಗೆ ಓಡಿದ.

ಅವಳು ಬಟ್ಟೆಯನ್ನು ಹಿಂಡಿ ಟ್ರಂಕಿನ ಹಿಂದೆ ತುರುಕಿದಳು. ಮೊದಲು ಮಾಡಿದ್ದು ಅದು. ಆಮೇಲೆ ಹೊರಗೆ ಬಂದಳು.

ಡ್ರೈವರನ್ನು ನೆಲದ ಮೇಲೆ ಕೂರಿಸಿ ಮೇಸ್ತ್ರಿ ಮುಖಕ್ಕೆ, ಕುತ್ತಿಗೆಗೆ, ಬಲಗೈಗೆ ನೀರು ಹರಿಸುತ್ತಲೇ ಇದ್ದ. ಯಾರೋ ಎಣ್ಣೆ ತಂದರು, ಬೇಡವೆಂದ. ಯಾರೋ ಟೂತ್‌ಪೇಸ್ಟ್ ತಂದರು, ಬೈದು ಕಳಿಸಿದ. ಮೈಗೆ ಅಂಟಿದ ಅಂಗಿಯನ್ನು ಕೀಳಬೇಡಿ ಎಂದ. ಇಪ್ಪತ್ತು ನಿಮಿಷ, ಆಂಬುಲೆನ್ಸ್ ಬರುವವರೆಗೂ, ನೀರು ಹಾಕಿದ. ಡ್ರೈವರು ಒಂದೇ ಮಾತು ಹೇಳುತ್ತಿದ್ದ, "ಬಟ್ಟೆ ಇರ್ಲಿಲ್ಲ ಮೇಸ್ತ್ರಿ, ಬಟ್ಟೆ ಇರ್ಲಿಲ್ಲ."

ಪಂಕ್ಚರಿನವನು ಕೇಳಿದ, "ನೀವು ಬಟ್ಟೆ ಕಟ್ಟಿರ್ಲಿಲ್ವಾ ಮೇಸ್ತ್ರಿ?"

ಬೀದಿಯೇ ಅಲ್ಲಿ ನಿಂತಿತ್ತು. ಅವಳು ಬಾಗಿಲಲ್ಲಿ ನಿಂತಿದ್ದಳು. ಮೊಣಕೈವರೆಗೂ ಸೋಪಿನ ನೊರೆ. ಮೇಸ್ತ್ರಿ ಅವಳ ಕಡೆ ನೋಡಲೂ ಇಲ್ಲ.

"ಇಲ್ಲ," ಎಂದ. "ಮರೆತೆ."

ಅವಳು ಬಾಯಿ ತೆರೆಯಬೇಕಿದ್ದದ್ದು ಆಗ. ತೆರೆಯಲಿಲ್ಲ.

ಆ ದಿನ ಸಂಜೆ ಅವನು ಆಸ್ಪತ್ರೆಯಿಂದ ಬಂದು ಬಾಗಿಲಲ್ಲೇ ಕುಳಿತ. ಬೂಟು ಬಿಚ್ಚಲಿಲ್ಲ. ಅವಳಿಗೆ ಹೇಳಿದ, "ಶಾಲು ನಿನ್ನ ಕೇಳ್ದೆ ಕತ್ತರಿಸ್ಬಾರ್ದಿತ್ತು ಕಣೇ."

ಅಷ್ಟೇ. ಅವಳು ತಪ್ಪು ಒಪ್ಪಿಕೊಳ್ಳಬೇಕಾದ ಹೊತ್ತಿನಲ್ಲಿ ಅವನೇ ಒಪ್ಪಿಕೊಂಡ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು. ನಾಳೆ ಹೇಳುತ್ತೇನೆ ಎಂದುಕೊಂಡಳು. ಮರುದಿನ ಡ್ರೈವರನ ತಾಯಿ ಅಂಗಡಿಯ ಮುಂದೆ ನಿಂತು ಎದೆ ಬಡಿದುಕೊಂಡು ಶಪಿಸಿದಳು. ಆ ಬಾಯಿಯ ಮುಂದೆ ಹೋಗಿ ನಿಲ್ಲಲು ಧೈರ್ಯ ಬರಲಿಲ್ಲ. ವಾರ ಕಳೆಯಿತು. ತಿಂಗಳು ಕಳೆಯಿತು. ಮೊದಲು ಬಿಚ್ಚಿದ್ದೊಂದೇ ತಪ್ಪಾಗಿತ್ತು. ಆಮೇಲೆ ಹೇಳದೇ ಇದ್ದದ್ದು ಅದಕ್ಕಿಂತ ದೊಡ್ಡದಾಗಿ ಬೆಳೆಯಿತು.

ಡ್ರೈವರಿಗೆ ಜೀವ ಉಳಿಯಿತು, ಕಣ್ಣೂ ಉಳಿಯಿತು. ಮುಖದ ಎಡಭಾಗ ಸುಟ್ಟು ಸುಕ್ಕಾಯಿತು. ಬಲಗೈಯ ಎರಡು ಬೆರಳು ಮಡಚಲು ಬಾರದಾದವು. ಮಕ್ಕಳು ಹೆದರುತ್ತವೆ ಎಂದು ಶಾಲೆಯವರು ಅವನನ್ನು ಬಿಡಿಸಿದರು. ಆಸ್ಪತ್ರೆಯಿಂದ ಬಂದ ಮೇಲೆ ಮೇಸ್ತ್ರಿ ದಿನಾ ಅವನ ಮನೆಗೆ ಹೋಗಿ ನರ್ಸು ಪಟ್ಟಿ ಬದಲಿಸುವಾಗ ಕೈ ಹಿಡಿದುಕೊಳ್ಳುತ್ತಿದ್ದ. ಒಂದು ದಿನ ಡ್ರೈವರು "ಮರೆವು ಮೇಸ್ತ್ರಿ ಬಂದ, ಬಾಗ್ಲು ಹಾಕಮ್ಮ" ಎಂದ. ತಾಯಿ ಬಾಗಿಲು ಹಾಕಿದಳು. ಆಮೇಲೆ ಮೇಸ್ತ್ರಿ ಹಣ್ಣಿನ ಚೀಲ ಹೊಸ್ತಿಲಲ್ಲಿಟ್ಟು ಬರುತ್ತಿದ್ದ. ಚೀಲ ಹಾಗೇ ಕೊಳೆಯುತ್ತಿತ್ತು.

ಆ ಹೆಸರು ಬೀದಿಗೆ ಬಂತು. ಪಂಕ್ಚರಿನವನೇ ತಂದ. ಆರ್ಲಿ ಮೇಸ್ತ್ರಿ ಹೋಗಿ ಮರೆವು ಮೇಸ್ತ್ರಿಯಾದ. "ಮರೆವು ಮೇಸ್ತ್ರಿ, ಊಟ ಆಯ್ತೋ ಇಲ್ವೋ ನೆನಪಿದ್ಯಾ?" ಎಂದು ನಗುವರು. ಅವನೂ ನಗುವನು. ಅವಳು ತಗಡಿನ ಈ ಕಡೆ ನಿಂತು ಕೇಳುವಳು. ನೆಲ ಬಿರಿದು ನುಂಗಬಾರದೇ ಅನ್ನಿಸುತ್ತಿತ್ತು. ನೆಲ ಬಿರಿಯಲಿಲ್ಲ. ಅವಳು ಹೋಗಿ ಒಲೆ ಹಚ್ಚುತ್ತಿದ್ದಳು.

ಅವನು ಬಟ್ಟೆ ಕಟ್ಟುವುದನ್ನೇ ಬಿಟ್ಟ. "ಬಟ್ಟೆ ನೋಡಿ ನಂಬೋದು ಕಲಿಸ್ದೆ. ಕೈಯಿಟ್ಟು ನೋಡೋದು ಕಲಿಸ್ಲಿಲ್ಲ. ಅದು ನನ್ ತಪ್ಪು," ಎಂದು ಅವಳ ಹತ್ತಿರ ಒಮ್ಮೆ ಹೇಳಿದ. ಅವಳಿಗಾಗಿ ಹೇಳಿದನೋ, ನಿಜವಾಗಿ ಹಾಗನ್ನಿಸಿತೋ ಗೊತ್ತಿಲ್ಲ. ಅಂದಿನಿಂದ ಬಂದ ಪ್ರತಿ ಗಿರಾಕಿಯ ಕೈ ಹಿಡಿದು ಪೈಪಿನ ಹತ್ತಿರ ಇಡಿಸುವನು. "ಶಾಖ ಗೊತ್ತಾಯ್ತಾ? ಈಗ ಹಿಚುಕಿ. ಗಟ್ಟಿ ಇದ್ಯಾ? ಹಾಗಿದ್ರೆ ಮುಟ್ಬೇಡಿ." ಬಾನೆಟ್ ಮುಚ್ಚಿ, ಕೀ ಜೇಬಿಗೆ ಹಾಕಿಕೊಂಡು, ಸ್ಟೂಲನ್ನು ಗಾಡಿಗೆ ಆನಿಸಿ ಕೂರುವನು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅವಳು ಡಬ್ಬಿಯನ್ನು ಅಲ್ಲಿಗೇ ಕೊಡಬೇಕು.

ಹಾಗೆ ಕೂತಲ್ಲೇ ಸತ್ತ. ಒಂದು ಮಧ್ಯಾಹ್ನ ಟ್ಯಾಕ್ಸಿಯೊಂದು ಎಂಜಿನ್ ಕಾದು ನಿಂತಿತ್ತು. ಒಡೆಯ ಅರ್ಧ ಗಂಟೆ ಕಾದ, ಮುಕ್ಕಾಲು ಗಂಟೆ ಕಾದ. "ಮೇಸ್ತ್ರಿ, ಇನ್ನೂ ಆರಿಲ್ವಾ?" ಎಂದು ಭುಜ ಮುಟ್ಟಿದ. ಎಂಜಿನ್ ಯಾವಾಗಲೋ ಆರಿತ್ತು. ಅವನೂ ಆರಿದ್ದ.

ಬೀದಿಯವರೆಲ್ಲ ಮಣ್ಣಿಗೆ ಬಂದರು. ಡ್ರೈವರು ಬರಲಿಲ್ಲ.

ಈಗ, ಹನ್ನೊಂದು ತಿಂಗಳ ಮೇಲೆ, ಪಾತ್ರೆಯನ್ನು ಅರ್ಧಕ್ಕೆ ಬಿಟ್ಟು ಅವಳು ಕೈ ಒರೆಸಿಕೊಂಡಳು. "ಮರೆತ, ನೋಡಿ" ಎಂಬ ಮಾತು ತಗಡಿನ ಆ ಕಡೆ ಮುಗಿದಿತ್ತು. ಈ ಕಡೆ ಮುಗಿದಿರಲಿಲ್ಲ. ಇಪ್ಪತ್ತೈದು ವರ್ಷ ಕೆಲಸ ಮಾಡಿದ ಮನುಷ್ಯ. ಅವನ ಹೆಸರಿಗೆ ಉಳಿದದ್ದು ಅದೊಂದೇ ಮಾತು. ಅದೂ ಸುಳ್ಳು. ಮೈದುನನಿಗೆ ವಯಸ್ಸಾಗುವವರೆಗೂ ಅವನು ಇದನ್ನೇ ಹೇಳುತ್ತಾನೆ. ಅವಳು ಸತ್ತರೆ ಸುಳ್ಳು ನಿಜವಾಗಿಬಿಡುತ್ತದೆ.

ಟ್ರಂಕು ಸರಿಸಿದಳು. ಬಟ್ಟೆ ಗೋಡೆಗೆ ಅಂಟಿಕೊಂಡು ಒಣಗಿ ಹಪ್ಪಳದಂತಾಗಿತ್ತು. ಕೈಚೀಲಕ್ಕೆ ಹಾಕಿಕೊಂಡು ಹೊರಟಳು.

"ಎಲ್ಲಿಗೆ ಅತ್ತಿಗೆ ಈ ಬಿಸಿಲಲ್ಲಿ?" ಎಂದ ಮೈದುನ.

"ಬರ್ತೀನಿ."

ಡ್ರೈವರು ಈಗ ಮಾರುಕಟ್ಟೆಯ ಹಿಂದೆ, ಗಾಡಿ ನಿಲ್ಲಿಸುವ ಜಾಗದಲ್ಲಿ ಚೀಟಿ ಹರಿದು ಕೊಡುವ ಕೆಲಸದಲ್ಲಿದ್ದ. ಪೆಟ್ಟಿಗೆಯಂಥ ಗೂಡು. ಅವನು ಬಲಗೆನ್ನೆಯನ್ನು ಕಿಟಕಿಗೆ ಕೊಟ್ಟು ಕೂರುತ್ತಿದ್ದ, ಸುಟ್ಟ ಕಡೆ ಒಳಗೆ.

"ಗಾಡಿ ಎಲ್ಲಿ?" ಎಂದ, ತಲೆ ಎತ್ತದೆ.

"ಗಾಡಿ ಇಲ್ಲಪ್ಪ."

"ಗಾಡಿ ಇಲ್ದೋರಿಗೆ ಇಲ್ಲಿ ಚೀಟಿ ಇಲ್ಲ." ಆಮೇಲೆ ತಲೆ ಎತ್ತಿದ. "ಓ. ಮರೆವು ಮೇಸ್ತ್ರಿ ಮನೆಯೋರು. ಏನು ಬಂದ್ರಿ? ಸತ್ತೋರ ಪರವಾಗಿ ಕ್ಷಮೆ ಕೇಳಕ್ಕೆ ಬಂದಿದ್ರೆ ವಾಪಸ್ ಹೋಗಿ ಅಕ್ಕ. ಅವ್ರೇ ಸಾವಿರ ಸಲ ಕೇಳಿ ತಲೆ ತಿಂದಿದಾರೆ."

ಅವಳು ಬಟ್ಟೆ ತೆಗೆದು ಕಿಟಕಿಯ ಹಲಗೆಯ ಮೇಲಿಟ್ಟಳು.

"ಅವ್ರು ಮರೆತಿರ್ಲಿಲ್ಲ. ಕಟ್ಟೇ ಹೋಗಿದ್ರು. ನಾನು ಬಿಚ್ಚಿದೆ."

ಅವನು ಬಟ್ಟೆ ನೋಡಿದ. ಅವಳನ್ನು ನೋಡಿದ.

"ಏನಂದ್ರಿ?"

"ಇದು ನಮ್ಮವ್ವನ ಶಾಲು. ಕೇಳ್ದೆ ಕತ್ತರಿಸಿದಾರೆ ಅಂತ ಸಿಟ್ಟು ಬಂತು. ಬಿಚ್ಕೊಂಡು ಹೋದೆ. ಬಿಸಿ ಇತ್ತು. ಬೆರಳಿಗೆ ತಾಗ್ತು. ಆದ್ರೂ ಬಿಚ್ಚಿದೆ."

ಹಿಂದೆ ಒಂದು ಕಾರು ಹಾರ್ನ್ ಹೊಡೆಯಿತು. ಡ್ರೈವರು ಕೈಯಾಡಿಸಿ ಒಳಗೆ ಬಿಟ್ಟ. ಚೀಟಿ ಹರಿಯಲೂ ಇಲ್ಲ.

"ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ ಬಾಯಿಂದ ಅಷ್ಟು ಅನ್ನಿಸ್ಕೊಂಡ್ರಾ?"

ಅವಳು ಹೌದೆಂದು ತಲೆಯಾಡಿಸಿದಳು.

ಅವನು ಎದ್ದ. ಗೂಡಿನಲ್ಲಿ ನಿಲ್ಲಲು ಜಾಗವಿಲ್ಲ, ಮತ್ತೆ ಕೂತ. ಸುಟ್ಟ ಕಡೆ ಅವಳ ಎದುರಿಗೆ ಬಂತು. ಅವಳು ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ನೋಡಬಾರದೆಂದೇ ಆರು ವರ್ಷ ಆ ದಾರಿಯಲ್ಲಿ ನಡೆದಿರಲಿಲ್ಲ. ಇವತ್ತು ಕಣ್ಣು ತಗ್ಗಿಸಲಿಲ್ಲ.

"ನನ್ ಮುಖ ಹೋಯ್ತು. ಕೆಲ್ಸ ಹೋಯ್ತು. ಅದಕ್ಕೆ ಬಯ್ಯಕ್ಕೆ ಒಬ್ಬ ಸಿಕ್ಕಿದ್ದ, ಬೈದೆ. ಮುಖದ ಮೇಲೆ ಬಾಗ್ಲು ಹಾಕಿದೆ. ಅವ್ರು ಸತ್ತಾಗ ಹೋಗ್ಲಿಲ್ಲ. ಹೋಗ್ದೆ ಇದ್ದದ್ದಕ್ಕೆ ಖುಷಿಪಟ್ಟೆ." ಅವನು ಬಟ್ಟೆಯನ್ನು ಅವಳ ಕಡೆ ತಳ್ಳಿದ. "ಸುಟ್ಟಿದ್ದಕ್ಕೆ ನಿಮ್ಮನ್ನ ಬೈಬಹುದು ಅಕ್ಕ. ಇದಕ್ಕೆ ಯಾರನ್ನ ಬೈಲಿ? ನನ್ನನ್ನೂ ಕೆಟ್ಟೋನು ಮಾಡಿಬಿಟ್ರಲ್ಲ ನೀವು."

ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. ಗಂಡನಿಗೆ ಮೋಸ ಮಾಡಿದೆ, ಡ್ರೈವರನ ಮುಖ ಕೆಡಿಸಿದೆ ಎಂದಷ್ಟೇ ತಿಳಿದಿದ್ದಳು. ಅವನ ಕೈಯಲ್ಲಿ ಒಬ್ಬ ಒಳ್ಳೆಯವನಿಗೆ ಅನ್ಯಾಯ ಮಾಡಿಸಿದ್ದೂ ತಾನೇ ಎಂದು ಇವತ್ತು ತಿಳಿಯಿತು. ಹೇಳಿಬಿಟ್ಟರೆ ಭಾರ ಇಳಿಯುತ್ತದೆ ಎಂದು ಬಂದಿದ್ದಳು. ಇನ್ನೊಂದು ಮೂಟೆ ಹೊತ್ತುಕೊಂಡಂತಾಯಿತು.

"ನನ್ನ ಏನು ಬೇಕಾದ್ರೂ ಅನ್ನಪ್ಪ," ಎಂದಳು.

"ಅಂದು ಏನ್ ಮಾಡ್ಲಿ? ಈ ಗೂಡಲ್ಲಿ ನನ್ನೊಬ್ಬನ ಕಿವೀಲಿ ಹೇಳ್ಬಿಟ್ರೆ ಆಯ್ತಾ? ಅವ್ರು ಬೀದಿ ಮುಂದೆ ಹೇಳಿದ್ರು, ಮರೆತೆ ಅಂತ. ನೀವೂ ಬೀದಿ ಮುಂದೆ ಹೇಳಿ. ಎತ್ಕೊಳ್ಳಿ ನಿಮ್ ಬಟ್ಟೆ."

ಅವಳು ಬಟ್ಟೆ ಎತ್ತಿಕೊಂಡು ನಡೆದಳು. ಅರ್ಧ ದಾರಿಯಲ್ಲಿ ಹಿಂತಿರುಗಿ ನೋಡಿದಾಗ ಅವನು ಗೂಡಿಗೆ ಬೀಗ ಹಾಕಿ ಹಿಂದೆ ಬರುತ್ತಿದ್ದ. ಹತ್ತು ಹೆಜ್ಜೆ ದೂರ ಇಟ್ಟುಕೊಂಡು. ಅವಳು ತಪ್ಪಿಸಿಕೊಂಡಾಳೆಂದು ಬರುತ್ತಿದ್ದನೋ, ಬೀಳುತ್ತಾಳೆಂದು ಬರುತ್ತಿದ್ದನೋ, ಅವಳು ಕೇಳಲಿಲ್ಲ.

ಅಂಗಡಿಯ ಮುಂದೆ ಒಂದು ಕಾರು ಬಾನೆಟ್ ತೆರೆದು ನಿಂತಿತ್ತು. ಅದರ ಒಡೆಯ, ಮೈದುನ, ಪಂಕ್ಚರಿನವನು, ಬ್ಯಾಟರಿ ಅಂಗಡಿಯವರಿಬ್ಬರು ಟೀ ಕುಡಿಯುತ್ತಿದ್ದರು. ಮೈದುನ ಆಗಲೇ ಶುರುಮಾಡಿದ್ದ, "ಇದೇ ಜಾಗದಲ್ಲಿ ಸಾರ್, ಒಬ್ಬನ ಮುಖ..."

"ನಿಲ್ಸು," ಎಂದಳು ಅವಳು.

"ಯಾಕತ್ತಿಗೆ?"

ಅವಳು ಕಾರಿನ ಹತ್ತಿರ ಹೋಗಿ ಮೇಲಿನ ಪೈಪಿನ ಬಳಿ ಹಿಂಗೈ ಹಿಡಿದಳು. ಬಿಸಿ ಇತ್ತು. ಒಣಗಿದ ಬಟ್ಟೆಯನ್ನು ಬಿಡಿಸಿ ಮುಚ್ಚಳದ ಕುತ್ತಿಗೆಗೆ ಕಟ್ಟಿದಳು. ಬೆರಳು ಸುಟ್ಟಿತು. ಕಟ್ಟಿದಳು. ಎಲ್ಲರ ಕಡೆ ತಿರುಗಿದಳು.

"ಅವತ್ತು ಇದು ಹೀಗೇ ಕಟ್ಟಿತ್ತು. ನಿಮ್ಮಣ್ಣ ಕಟ್ಟಿದ್ರು. ಮರೆತಿರ್ಲಿಲ್ಲ. ನಾನು ಬಂದು ಬಿಚ್ಚಿದೆ. ನನ್ ಸಿಟ್ಟಿಗೆ ಬಿಚ್ಚಿದೆ. ಅವ್ರು ನನ್ ಮಾನ ಉಳ್ಸಕ್ಕೆ ಮರೆತೆ ಅಂದ್ರು. ನಾನು ಬಾಗಿಲಲ್ಲಿ ನಿಂತು ಕೇಳಿಸ್ಕೊಂಡು ಸುಮ್ನಿದ್ದೆ. ಆರು ವರ್ಷ ಸುಮ್ನಿದ್ದೆ."

ಬ್ಯಾಟರಿ ಅಂಗಡಿಯವನೊಬ್ಬ ಟೀ ಲೋಟವನ್ನು ನೋಡುತ್ತಾ ನಿಂತ. ಗಿರಾಕಿ ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಕಾರನ್ನೇ ನೋಡಿದ. ಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಲ್ಲಿಸಿದಂತೆ ಅವಳಿಗಾಯಿತು. ಆದರೂ ನಿಂತಳು.

ಪಂಕ್ಚರಿನವನು ಮೆಲ್ಲಗೆ ಅಂದ, "ಮರೆವು ಮೇಸ್ತ್ರಿ ಅಂತ ಹೆಸರು ತಂದು ಹಚ್ಚಿದ್ದು ನಾನು." ಟೀ ಲೋಟ ಕೆಳಗಿಟ್ಟು ತನ್ನ ಟೈರುಗಳ ಕಡೆ ನಡೆದ.

ಮೈದುನನ ಮುಖ ಸಣ್ಣದಾಗಿತ್ತು. "ನನ್ ಹತ್ರನಾದ್ರೂ ಹೇಳ್ಬಹುದಿತ್ತಲ್ಲ ಅತ್ತಿಗೆ? ಎಷ್ಟು ಜನಕ್ಕೆ ಹೇಳಿದೀನಿ ನಾನು. ಲೆಕ್ಕ ಇದ್ಯಾ?" ಎನ್ನುತ್ತಾ ಒಳಗೆ ಹೋಗಿ, ಗೋಡೆಗೆ ನೇತಾಡುವ ಪೈಪುಗಳ ಕಡೆ ಮುಖ ಮಾಡಿ ನಿಂತ. ಅವನ ಬೆನ್ನು ಅಲುಗುತ್ತಿತ್ತು.

ಡ್ರೈವರು ರಸ್ತೆಯ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಈಗ ದಾಟಿ ಬಂದ. ಆ ಜಾಗಕ್ಕೆ ಅವನು ಕಾಲಿಟ್ಟದ್ದು ಆರು ವರ್ಷದ ಮೇಲೆ. ಮಡಚದ ಎರಡು ಬೆರಳನ್ನು ಪೈಪಿನ ಹತ್ತಿರ ಹಿಡಿದ. ಸರಿಯಿರುವ ಬೆರಳಲ್ಲಿ ಹಿಚುಕಿದ.

"ಗಟ್ಟಿ ಇದೆ," ಎಂದ. ಆಮೇಲೆ ಅವಳಿಗೆ ಹೇಳಿದ, "ನಾಳೆನೂ ಹೇಳಿ. ನಾಳೆ ಬೇರೆ ಜನ ಬರ್ತಾರೆ."

ಹೇಳಿ ಹೊರಟುಹೋದ. ಕ್ಷಮಿಸಿದೆ ಎನ್ನಲಿಲ್ಲ. ಆಮೇಲೂ ಎಂದೂ ಅಂದಿಲ್ಲ.

ಈಗಲೂ ಕಾದ ಗಾಡಿ ಬಂದರೆ ಮೈದುನ ಬ್ಯಾಟರಿ ತಂತಿ ಕಳಚಿ, ಬಾನೆಟ್ ಮುಚ್ಚಿ, ಕೀ ಜೇಬಿಗೆ ಹಾಕಿಕೊಳ್ಳುತ್ತಾನೆ. ಅಣ್ಣ ಮಾಡುತ್ತಿದ್ದಂತೆಯೇ. ಬಟ್ಟೆ ಕಟ್ಟುವುದಿಲ್ಲ. ಕತೆ ಮಾತ್ರ ಅವನು ಹೇಳುವುದಿಲ್ಲ. ತಗಡು ತಟ್ಟಿ "ಅತ್ತಿಗೆ" ಎನ್ನುತ್ತಾನೆ. ಅವಳು ಕೈ ಒರೆಸಿಕೊಂಡು ಹೊರಗೆ ಬರುತ್ತಾಳೆ. ಗೊತ್ತಿಲ್ಲದ ಗಿರಾಕಿಯ ಮುಂದೆ ನಿಂತು, ನನ್ನ ಗಂಡ ಬಟ್ಟೆ ಕಟ್ಟಿದ್ದ, ನಾನು ಬಿಚ್ಚಿದೆ ಎಂದು ಶುರುಮಾಡುತ್ತಾಳೆ. ಎಷ್ಟು ಸಲ ಹೇಳಿದರೂ ಕಿವಿಯವರೆಗೂ ಮುಖ ಕಾಯುತ್ತದೆ. ಕೆಲವರು ಅಯ್ಯೋ ಎನ್ನುತ್ತಾರೆ. ಕೆಲವರು ಅವಳನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಹೇಳಿ ಮುಗಿಸಿದ ಮೇಲೆ ಅವರ ಕೈ ಹಿಡಿದು ಪೈಪಿನ ಹತ್ತಿರ ಇಡಿಸುತ್ತಾಳೆ.

ಆಮೇಲೆ ಸ್ಟೂಲು ಎಳೆದುಕೊಂಡು, ಅದು ಆರುವವರೆಗೂ ಅಲ್ಲೇ ಕೂರುತ್ತಾಳೆ.